ಸ್ಟೀಲಿನ ಲೋಟದಲ್ಲಿ ಬ್ರೇಕಿನ ರಬ್ಬರು

ಹೋದ ವಾರ ಕೊಟ್ಟೂರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ನಿಂತಿದ್ದಾಗ ಒಳಗೆ ಯಾರೋ ಬ್ರೇಕ್ ಆಯಿಲಿನ ಡಬ್ಬಿ ಬಿಚ್ಚಿದರು. ಆ ವಾಸನೆ ನಿಮಗೆ ಪರಿಚಯವಿದೆಯೋ ಇಲ್ಲವೋ. ಡೀಸೆಲ್ಲಿನ ವಾಸನೆ ಮೂಗಿಗೆ ಹೊಡೆಯುತ್ತದೆ, ಎಂಜಿನ್ ಆಯಿಲಿನದು ಬಟ್ಟೆಗೆ ಹತ್ತಿಕೊಳ್ಳುತ್ತದೆ. ಬ್ರೇಕ್ ಆಯಿಲಿನದು ಹಾಗಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಔಡಲೆಣ್ಣೆಯ ಕಮಟು. ಚಿಕ್ಕಂದಿನಲ್ಲಿ ಅವ್ವ ಮೂಗು ಹಿಡಿದು ಕುಡಿಸುತ್ತಿದ್ದ ಔಷಧದ ಹಾಗೆ. ಅದು ತಾಗಿದ್ದೇ ತಡ, ನನ್ನ ಬಲಗಾಲು ತಾನಾಗಿಯೇ ನೆಲ ಒತ್ತಿತು. ಒಂದು ಸಲವಲ್ಲ, ಮೂರು ನಾಲ್ಕು ಸಲ.

“ಯಾಕ್ರೀ ಸರ, ಇರಿವಿ ಕಚ್ಚಿತೇನು?” ಎಂದರು ಅಂಗಡಿಯವರು.

ಹೂಂ ಎಂದೆ. ಇರುವೆಯ ಮೇಲೆ ಹಾಕಿದರೆ ಸುಲಭ. ಹನ್ನೆರಡು ವರ್ಷದಿಂದ ಈ ಕಾಲು ಹೀಗೇ. ಬಸ್ಸು ಇಳಿಜಾರಿಗೆ ಬಂದರೆ ಮುಂದಿನ ಸೀಟಿನ ಕಾಲನ್ನು ಒತ್ತುತ್ತದೆ. ಕುಡ್ಲಿಗಿ ಕಡೆಯ ಬಸ್ಸಿನಲ್ಲಿ ಒಮ್ಮೆ ಮುಂದೆ ಕೂತಿದ್ದ ಹಿರಿಯರೊಬ್ಬರು ತಿರುಗಿ, “ತಮ್ಮಾ, ಬಸ್ಸ ಡ್ರೈವರ್ ಹೊಡ್ಯಾಕತ್ಯಾನ, ನೀ ಆರಾಮ ಕುಂದ್ರು” ಎಂದಿದ್ದರು. ಬಸ್ಸೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ. ಕಾಲು ಮಾತ್ರ ನಗಲಿಲ್ಲ.

ನನಗೆ ಬೇಕಾಗಿದ್ದುದು ನಮ್ಮ ಮನೆಯ ಹಳೆಯ ಜೀಪಿಗೆ ಬ್ರೇಕಿನ ರಬ್ಬರ್ ವಾಷರು. ಪೆಡಲ್ ಒತ್ತಿದಾಗ ಎಣ್ಣೆಯನ್ನು ಗಾಲಿಗಳ ಕಡೆಗೆ ದೂಡುವುದಕ್ಕೆ ಒಂದು ಸಿಲಿಂಡರ್ ಇರುತ್ತದೆ. ಅದರೊಳಗೆ ಕೂರುವ, ಪುಟ್ಟ ಬಟ್ಟಲಿನಂಥ ಕರಿ ರಬ್ಬರು ಅದು. ಹೆಬ್ಬೆರಳ ತುದಿಯಷ್ಟು ದೊಡ್ಡದು. ಇಡೀ ಜೀಪು, ಅದರೊಳಗಿನ ಜನ, ಎದುರಿಗೆ ಬರುವ ಎಮ್ಮೆ, ಎಲ್ಲವೂ ನಿಂತಿರುವುದು ಆ ಬಟ್ಟಲಿನ ಅಂಚಿನ ಮೇಲೆ. ಅಂಗಡಿಯವರು ಕಟ್ಟೆಯ ಮೇಲೆ ಮೂರು ಪೆಟ್ಟಿಗೆ ಇಟ್ಟರು. ಒಂದು ಕೆಂಪು, ಒಂದು ನೀಲಿ, ಒಂದಕ್ಕೆ ಮಿರಿಮಿರಿ ಮಿಂಚುವ ಚೀಟಿ.

“ಮೂರೂ ಕೂಡ್ತಾವು. ಯಾವ್ದು ಕೊಡ್ಲಿ?”

ಎಷ್ಟು ಹಗುರವಾದ ಪ್ರಶ್ನೆ ನೋಡಿ. ಇದೇ ಪ್ರಶ್ನೆಗೆ ಹಿಂದೊಮ್ಮೆ ನಾನು ಅಷ್ಟೇ ಹಗುರವಾಗಿ ಬೆರಳು ತೋರಿಸಿದ್ದೆ. ಮಿಂಚುವ ಚೀಟಿಯ ಕಡೆಗೆ.

ಜೀಪಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಹಗರಿಬೊಮ್ಮನಹಳ್ಳಿಯಲ್ಲಿ ಅಪ್ಪನದು ಬೀಜ, ಗೊಬ್ಬರದ ಅಂಗಡಿ. ಜೀಪನ್ನು ಅಪ್ಪ ಸರ್ಕಾರದ ಹರಾಜಿನಲ್ಲಿ ಹಿಡಿದದ್ದು. ಅದು ಹಿಂದೆ ಕರೆಂಟಿನ ಇಲಾಖೆಯದಾಗಿತ್ತಂತೆ. ಎಷ್ಟು ಬಣ್ಣ ಹೊಡೆಸಿದರೂ ಬಾಗಿಲ ಮೇಲಿನ ಹಳೆಯ ಅಕ್ಷರಗಳು ಬಿಸಿಲಿಗೆ ತೇಲಿ ಬರುತ್ತಿದ್ದವು. ಅಪ್ಪ ಬೀಜದ ಚೀಲ ಹಾಕಿಕೊಂಡು ನೀಲಗುಂದದ ಕಡೆ ಹೋದರೆ, ಹೊಲದಲ್ಲಿದ್ದವರು ದೂರದಿಂದಲೇ ಜೀಪು ನೋಡಿ, ಕಂಬದ ತಂತಿಗೆ ಸಿಕ್ಕಿಸಿದ್ದ ಕೊಕ್ಕೆಗಳನ್ನು ಓಡಿ ಹೋಗಿ ಕೀಳುತ್ತಿದ್ದರು. ಅಪ್ಪ ಇಳಿದು “ನಾನೋ ಮಾರಾಯ, ಸೂರ್ಯಕಾಂತಿ ಬೀಜ ತಂದೀನಿ” ಎಂದಾಗ ಬೀಳುತ್ತಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ಹ್ಯಾಂಡ್ ಬ್ರೇಕು ಬಂದಾಗಿನಿಂದಲೂ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೆ ಬದಲಾಗಿ ಸೀಟಿನ ಕೆಳಗೊಂದು ಕಲ್ಲು. ನಿಲ್ಲಿಸಿದ ಕೂಡಲೇ ಇಳಿದು ಗಾಲಿಗೆ ಕಲ್ಲು ಕೊಡುವುದು ನನ್ನ ಕೆಲಸ. ಇಳಿಜಾರು ಬಂದರೆ ಗೇರು ತೆಗೆದು ನ್ಯೂಟ್ರಲ್ಲಿಗೆ ಬಿಡುವುದು ಅಪ್ಪನ ಚಟ. “ತಾನ ಹೊಂಟೈತಿ, ಎಣ್ಣಿ ಯಾಕ ಸುಡೂದು?” ಎನ್ನುತ್ತಿದ್ದ. ಹೀಗೆ ನಾವು ಆ ಪುಟ್ಟ ರಬ್ಬರಿನ ಮೇಲೆ ಇನ್ನಷ್ಟು ಭಾರ ಹಾಕುತ್ತಲೇ ಬಂದಿದ್ದೆವು.

ಈ ಜೀಪಿನ ಜೀವ ಹಿಡಿದಿಟ್ಟಿದ್ದವನು ಗೋಣೆಪ್ಪ ಮೇಸ್ತ್ರಿ. ಬೇವಿನ ಮರದ ಕೆಳಗೆ ತಗಡಿನ ಶೆಡ್ಡು. ಬೋರ್ಡು ಇರಲಿಲ್ಲ. ಮರವೇ ವಿಳಾಸ. ಮನುಷ್ಯ ತೆಳ್ಳಗೆ, ಕೈಗಳು ಮಾತ್ರ ಬೇರೆ ಯಾರದೋ ದೊಡ್ಡ ಆಳಿನವು. ಹೊಸ ಸಾಮಾನು ಬಂದರೆ ಅವನು ಪೆಟ್ಟಿಗೆಯನ್ನು ನೋಡುತ್ತಲೇ ಇರಲಿಲ್ಲ. ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿ ಕಿವಿಗೆ ಹಿಡಿಯುತ್ತಿದ್ದ. ಬ್ರೇಕಿನ ಪಟ್ಟಿಯನ್ನು ಮೂಸುತ್ತಿದ್ದ. ಬೋಲ್ಟನ್ನು ಅಂಗೈ ಮೇಲೆ ಕುಣಿಸಿ ತೂಕ ನೋಡಿ, “ಇದು ಬೋಲ್ಟ್ ಅಲ್ಲ, ಬೋಲ್ಟಿನ ಫೋಟೋ” ಎಂದು ಪಕ್ಕಕ್ಕೆ ಎಸೆಯುತ್ತಿದ್ದ. ಕಳಚಿದ ಹಳೆಯ ಸಾಮಾನನ್ನು ಎಂದೂ ಬಿಸಾಡುತ್ತಿರಲಿಲ್ಲ. ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಗಾಡಿಯವನ ಕೈಗೇ ಕೊಡುತ್ತಿದ್ದ. “ಹಳೇದು ಕೈಯಾಗ ಇದ್ರ ಹೊಸಾದು ಸುಳ್ಳು ಹೇಳಂಗಿಲ್ಲ” ಎನ್ನುವುದು ಅವನ ವಾದ.

ರಬ್ಬರಿನ ವಿಷಯದಲ್ಲಂತೂ ಅವನದು ಒಂದು ವ್ರತವೇ. ಹೊಸ ವಾಷರನ್ನು ಸ್ಟೀಲಿನ ಲೋಟದಲ್ಲಿ ಬ್ರೇಕ್ ಆಯಿಲ್ ಹಾಕಿ ಒಂದಿಡೀ ರಾತ್ರಿ ನೆನೆ ಹಾಕಬೇಕು. ಬೆಳಿಗ್ಗೆ ತೆಗೆದು ಹಳೆಯದರ ಬಾಯಿಗೆ ಬಾಯಿ ಇಟ್ಟು ನೋಡಬೇಕು. ಅಳತೆ ಹಾಗೇ ಇದ್ದರೆ ಹಾಕಬಹುದು. ಕೂದಲೆಳೆಯಷ್ಟು ಉಬ್ಬಿದ್ದರೂ ಬೇವಿನ ಬುಡಕ್ಕೆ. ಲೋಟಕ್ಕೆ ಮುಚ್ಚಳವಾಗಿ ಒಂದು ಹಂಚಿನ ಚೂರು. ನೋಡಿದವರು ಕಡಲೆ ನೆನೆ ಹಾಕಿದ್ದಾನೆ ಎಂದೇ ತಿಳಿಯಬೇಕು.

“ಮೇಸ್ತ್ರಿ, ಬೆಳಿಗ್ಗೆ ಉಸುಳಿ ಮಾಡ್ತೀಯೇನು?” ಎಂದು ಅಪ್ಪ ಕಾಡುತ್ತಿದ್ದ.

“ಕಡ್ಲಿ ಉಬ್ಬಿದ್ರ ನಿಮ್ಮ ಹೊಟ್ಟಿ ತುಂಬತೈತಿ ಸಾವ್ಕಾರ್ರ, ಇದು ಉಬ್ಬಿದ್ರ ನಾಕು ಮಂದಿ ನಿಮ್ಮನ್ನ ಹೊರಬೇಕಾಗತೈತಿ.”

ಆಗ ನಾನು ಹರಪನಹಳ್ಳಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಓದುತ್ತಿದ್ದುದು ರಸಾಯನಶಾಸ್ತ್ರ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಏಕೆಂದರೆ ಒಮ್ಮೆ ಆ ಬೇವಿನ ಕೆಳಗೆ ನಿಂತು, ಗೋಣೆಪ್ಪನಿಗೆ ರಬ್ಬರಿನ ಬಗ್ಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟಿದ್ದೆ. ಕಾರ್ಖಾನೆಯಲ್ಲಿ ಮಾಡಿದ ರಬ್ಬರು ಬೇರೆ, ಮರದ ರಬ್ಬರು ಬೇರೆ, ಈಗಿನ ಕಾಲದಲ್ಲಿ ಎಲ್ಲವನ್ನೂ ಪರೀಕ್ಷೆ ಮಾಡಿಯೇ ಕಳಿಸುತ್ತಾರೆ, ಅದನ್ನು ಪೆಟ್ಟಿಗೆಯ ಮೇಲೆ ಬರೆದೇ ಇರುತ್ತಾರೆ ಎಂದೆಲ್ಲ. ಅವನು ನಟ್ಟು ಬಿಗಿಯುತ್ತಲೇ ಪೂರ್ತಿ ಕೇಳಿದ. ಕೊನೆಗೆ, “ಚಲೋ ಓದೀಯಪ್ಪಾ. ಆದ್ರ ಪೆಟಗಿ ಓದಬ್ಯಾಡ, ಸಾಮಾನು ಓದು” ಎಂದ. ಅವನು ಲೋಟದಲ್ಲಿ ಮಾಡುತ್ತಿದ್ದುದು ನಾವು ಪ್ರಯೋಗಶಾಲೆಯಲ್ಲಿ ಮಾಡಬೇಕಾಗಿದ್ದ ಪರೀಕ್ಷೆಯೇ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಗಾಜಿನ ಬೀಕರಿನಲ್ಲಿದ್ದರೆ ವಿಜ್ಞಾನ, ಸ್ಟೀಲಿನ ಲೋಟದಲ್ಲಿದ್ದರೆ ಮೇಸ್ತ್ರಿಯ ಹುಚ್ಚು ಎಂದುಕೊಳ್ಳುವ ವಯಸ್ಸು ಅದು.

ನನ್ನ ಅಕ್ಕನನ್ನು ಹಡಗಲಿ ತಾಲ್ಲೂಕಿನ ಮಾಗಳಕ್ಕೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಕುಬುಸದ ಶಾಸ್ತ್ರ ಮುಗಿಸಿ ಅವಳನ್ನು ತವರಿಗೆ ಕರೆತರಲು ಒಂದು ಸೋಮವಾರ ಗೊತ್ತಾಗಿತ್ತು. ಸರಿಯಾಗಿ ಶನಿವಾರ ಜೀಪಿನ ಬ್ರೇಕು ಎಣ್ಣೆ ಜಿನುಗತೊಡಗಿತು. ಗೋಣೆಪ್ಪ ಬಿಚ್ಚಿ ನೋಡಿ, ಹಳೆಯ ವಾಷರನ್ನು ಕಾಗದದಲ್ಲಿ ಸುತ್ತಿ, ಕರಿ ದಾರದಿಂದ ತನ್ನದೇ ಒಂದು ಗಂಟು ಹಾಕಿ ನನ್ನ ಕೈಯಲ್ಲಿಟ್ಟ. ಜೊತೆಗೊಂದು ಸಣ್ಣ ಬಾಟಲಿಯಲ್ಲಿ ಬ್ರೇಕ್ ಆಯಿಲ್.

“ನಾಳೆ ಹೆಂಗೂ ಹರಪನಳ್ಳಿಗೆ ಹೊಂಟೀಯಲ್ಲ, ಅಲ್ಲೇ ತಗೋ. ಇದನ್ನ ತೋರ್ಸಿ ತಗೋ. ನಾನು ಕುಡ್ಲಿಗಿಗೆ ಹೊಂಟೀನಿ, ಒಂದು ಲಾರಿ ಕೆಟ್ಟು ನಿಂತೈತಿ, ಬರೂದು ಸೋಮಾರ ಬೆಳಿಗ್ಗೇನ. ಮನ್ಯಾಗ ನೆನೆ ಹಾಕಿ, ಬೆಳಿಗ್ಗೆ ಅಳತಿ ನೋಡಿ, ತಗೊಂಡು ಬಾ. ಅರ್ಧ ತಾಸಿನಾಗ ಕೂಡಿಸಿಕೊಡ್ತೀನಿ.”

ಹರಪನಹಳ್ಳಿಯಲ್ಲಿ ಗೆಳೆಯರ ಜೊತೆ ಹರಟಿ, ಬಸ್ಸಿಗೆ ಹತ್ತು ನಿಮಿಷವಿದೆ ಎನ್ನುವಾಗ ಸಿಕ್ಕ ಒಂದು ಅಂಗಡಿಗೆ ನುಗ್ಗಿದೆ. ಅಂಗಡಿಯಾತ ಎರಡು ಪೆಟ್ಟಿಗೆ ತೋರಿಸಿದ. ಒಂದು ಮಾಸಿದ್ದು. ಇನ್ನೊಂದಕ್ಕೆ ಮಿಂಚುವ ಚೀಟಿ, ಮೇಲೆ ಇಂಗ್ಲಿಷಿನಲ್ಲಿ ಎಣ್ಣೆಗೆ ಜಗ್ಗದ ರಬ್ಬರು ಎಂಬ ಒಕ್ಕಣೆ. “ಇದೇ ತಗೊಳ್ಳಿ ಸರ್, ಓದಿದವರು ನೀವು, ನಿಮಗೆ ನಾನೇನು ಹೇಳೋದು” ಎಂದ. ಅಷ್ಟು ಸಾಕಾಯಿತು. ಜೇಬಿನಲ್ಲಿದ್ದ ಹಳೆಯದನ್ನು ಹೊರಗೆ ತೆಗೆಯಲೇ ಇಲ್ಲ. ಮನೆಗೆ ಬಂದಾಗ ಅವ್ವ ಹೋಳಿಗೆಯ ಬೇಳೆ ರುಬ್ಬುತ್ತಿದ್ದಳು. ಕೈ ಕಾಲು ತೊಳೆದು, ಎರಡು ಹೋಳಿಗೆ ತಿಂದು, ಬಾಟಲಿಯನ್ನು ಕಿಟಕಿಯಲ್ಲಿಟ್ಟು ಮಲಗಿದೆ. ಮರೆತು ಅಲ್ಲ. ಅದನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಪೆಟ್ಟಿಗೆಯ ಮೇಲೆ ಬರೆದಿದೆಯಲ್ಲ ಎಂದುಕೊಂಡೆ.

ಬೆಳಿಗ್ಗೆ ಗೋಣೆಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ಕುಡ್ಲಿಗಿಯಿಂದ ಆಗತಾನೇ ಬಂದಿದ್ದ. ವಾಷರು ಕೈಗೆ ತೆಗೆದುಕೊಂಡ.

“ನೆನೆ ಹಾಕಿದ್ಯಾ?”

“ಹಾಕಿದ್ದೆ.”

“ಅಳತಿ?”

“ಸರಿ ಐತಿ.”

ಅವನು ರಬ್ಬರನ್ನು ಒಮ್ಮೆ ಹಿಚುಕಿದ. ಮೂಗಿನ ಹತ್ತಿರ ಒಯ್ದ. ಏನೋ ಕೇಳುವವನ ಹಾಗೆ ನನ್ನ ಕಡೆ ನೋಡಿದ. ಅಷ್ಟರಲ್ಲಿ ಅಪ್ಪ ಬಂದು, “ರಾಹುಕಾಲ ಮುಗೀತು, ಲಗೂ ಮಾಡಪಾ” ಎಂದ. ಗೋಣೆಪ್ಪ ಬಗ್ಗಿ ಜೀಪಿನ ಕೆಳಗೆ ಹೋದ.

ಮಾಗಳದವರೆಗೆ ಜೀಪು ಚೆನ್ನಾಗಿಯೇ ನಡೆಯಿತು. ಹಡಗಲಿಯ ಹತ್ತಿರ ಕುರಿಹಿಂಡು ಅಡ್ಡ ಬಂದಾಗ ಅಪ್ಪ ಒತ್ತಿದಲ್ಲಿ ನಿಂತಿತು. “ನೋಡು, ಕಾಲೇಜ್ ಹುಡುಗ ತಂದ ಸಾಮಾನು” ಎಂದು ಅವ್ವನಿಗೆ ಹೇಳಿದ. ನಾನು ಹಿಂದೆ ಕೂತು ಹಿಗ್ಗಿದೆ.

ಊಟವಾಯಿತು. ಹೊರಡುವ ಮುಂಚೆ ಹೊಳೆಗೆ ಉಡಿ ತುಂಬಿ ಬರಬೇಕು ಎಂದಳು ಅಕ್ಕ. ಕುಪ್ಪಸದ ಖಣ, ಅಕ್ಕಿ, ಕಾಯಿ, ಅರಿಶಿಣ ಕುಂಕುಮ. ಊರಿನಿಂದ ತುಂಗಭದ್ರೆಗೆ ಇಳಿಯುವ ದಾರಿ ಕಡಿದು. ಎಂಟು ತಿಂಗಳ ಹೊಟ್ಟೆ ಹೊತ್ತು ಅವಳು ನಡೆಯುವುದು ಬೇಡ ಎಂದು ಅಪ್ಪ ಜೀಪು ಹೊರಡಿಸಿದ. ನಾನು ಕಾಯಿ ಹಿಡಿದುಕೊಂಡು ಮೊದಲೇ ಇಳಿದು ಹೋಗಿ ದಡದಲ್ಲಿ ನಿಂತೆ. ಮಧ್ಯಾಹ್ನದ ಬಿಸಿಲು. ಇಳಿಜಾರಿನ ಬುಡಕ್ಕೆ ನೇರವಾಗಿ ಐದಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಇಳಿದು ಬರುವವರ ಎಡಕ್ಕೆ, ದಾರಿಯ ಪಕ್ಕದಲ್ಲಿ, ಜೋಳದ ಸೊಪ್ಪೆಯ ಒಂದು ದೊಡ್ಡ ಬಣವೆ.

ಜೀಪು ಮೇಲಿನ ತಿರುವಿನಲ್ಲಿ ಕಾಣಿಸಿಕೊಂಡಿತು. ಮುಂದೆ ಅಪ್ಪ, ಪಕ್ಕದಲ್ಲಿ ಅಕ್ಕ, ಹಿಂದೆ ಅವ್ವ. ಹಾರ್ನು ಬಿಡದೆ ಹೊಡೆದುಕೊಳ್ಳುತ್ತಿತ್ತು. ಅಪ್ಪನಿಗೆ ಇವತ್ತು ಹುರುಪು ಎಂದುಕೊಂಡೆ. ನಿಮಗೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಾನು ಕೈ ಬೀಸಿದೆ. ನಗುತ್ತಾ, ತಲೆಯ ಮೇಲೆತ್ತಿ, ಜಾತ್ರೆಗೆ ಬಂದವರನ್ನು ಕರೆಯುವ ಹಾಗೆ ಕೈ ಬೀಸಿದೆ.

ಆಮೇಲೆ ಕಂಡದ್ದು ಅಪ್ಪನ ಭುಜ. ಅದು ಏರುತ್ತಿತ್ತು, ಇಳಿಯುತ್ತಿತ್ತು. ಸೈಕಲ್ಲಿಗೆ ಗಾಳಿ ಹೊಡೆಯುವವನ ಹಾಗೆ ಅವನು ಪೆಡಲನ್ನು ಒತ್ತುತ್ತಿದ್ದ, ಒತ್ತುತ್ತಿದ್ದ. ಜೀಪು ನಿಲ್ಲುತ್ತಿರಲಿಲ್ಲ. ಅಕ್ಕನ ಒಂದು ಕೈ ಮುಂದಿನ ಕಂಬಿಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಅವಳು ಕೂಗಲಿಲ್ಲ. ನೇರವಾಗಿ ನನ್ನನ್ನೇ ನೋಡುತ್ತಿದ್ದಳು, ಅಥವಾ ನನಗೆ ಹಾಗೆ ಕಂಡಿತು. ನನ್ನ ಕೈ ಇನ್ನೂ ಮೇಲೇ ಇತ್ತು. ನನ್ನ ಕಾಲು ಮರಳನ್ನು ಒತ್ತುತ್ತಿತ್ತು.

ಬಟ್ಟೆ ಒಗೆಯುವವರು ಎದ್ದು ಚೆದುರಿದರು. ಅಪ್ಪ ಸ್ಟೇರಿಂಗನ್ನು ಎಡಕ್ಕೆ ಎಳೆದ. ಜೀಪು ಒಂದು ಪಕ್ಕಕ್ಕೆ ವಾಲಿ, ಇನ್ನೇನು ಮಗುಚಿತು ಎನ್ನುವಾಗ, ಸೀದಾ ಬಣವೆಯೊಳಗೆ ಹೋಯಿತು. ಶಬ್ದವೇ ಆಗಲಿಲ್ಲ. ಬರೀ ಒಂದು ಉಸಿರು ಬಿಟ್ಟ ಹಾಗೆ. ಹಾರ್ನೂ ನಿಂತಿತು. ಸೊಪ್ಪೆಯ ರವದಿ ಬಿಸಿಲಲ್ಲಿ ಮೇಲೆದ್ದು, ನಿಧಾನವಾಗಿ ಇಳಿಯಿತು.

ಇಷ್ಟೇ. ನಾಲ್ಕೈದು ಸೆಕೆಂಡು ಇರಬಹುದು. ಅದು ನನ್ನೊಳಗೆ ಈಗಲೂ ಮುಗಿದಿಲ್ಲ. ಈಗ ನಾನು ಮೇಷ್ಟರು; ಪಾಠ ಮಾಡುತ್ತಾ ಬೋರ್ಡಿಗೆ ತಿರುಗಿದಾಗ ಆ ಭುಜ ಏರಿಳಿಯುತ್ತದೆ. ಕೆಲವು ಸಲ ಆ ನೋಟದಲ್ಲಿ ಬಣವೆ ಇರುವುದಿಲ್ಲ. ಅಂಥ ದಿನ ಸೀಮೆಸುಣ್ಣ ಕೆಳಗಿಟ್ಟು ನೀರು ಕುಡಿಯುತ್ತೇನೆ.

ನಾನು ಓಡಿ ಮುಟ್ಟುವುದರೊಳಗೆ ಬಣವೆಯ ಒಡತಿ ಬಂದಿದ್ದಳು. ಸೆರಗು ಸೊಂಟಕ್ಕೆ ಬಿಗಿದ ಮುದುಕಿ. “ಯಾರಲೇ ಅದು, ನನ್ನ ಎತ್ತಿನ ಸೊಪ್ಪಿಗೆ ಮೋಟಾರ್ ಬಿಟ್ಟವ್ರು!” ಎಂದು ಶುರು ಮಾಡಿದವಳು ಅಕ್ಕನ ಹೊಟ್ಟೆ ನೋಡಿದ್ದೇ ಅಲ್ಲಿಗೇ ನಿಲ್ಲಿಸಿದಳು. “ಅಯ್ಯ ನನ ತಾಯಿ. ಮೊದಲ ಇಳೀರಿ. ನೀರು ಕುಡೀರಿ. ಆಮ್ಯಾಲೆ ಬೈತೀನಿ.” ಅಕ್ಕನ ಕೂದಲ ತುಂಬ ಸೊಪ್ಪೆ. ಅವ್ವನ ಬಳೆಗಳು ಒಡೆದು ಮುಂಗೈ ಗೀರಿತ್ತು. ಅಪ್ಪ ಇಳಿಯಲೇ ಇಲ್ಲ. ಸ್ಟೇರಿಂಗ್ ಹಿಡಿದೇ ಕೂತಿದ್ದ. ಕಾಲು ಪೆಡಲಿನ ಮೇಲೇ ಇತ್ತು. ಆ ಮುದುಕಿಯೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ, “ಉಡಿ ತುಂಬೂದು ಉಳೀತಲ್ಲೋ” ಎಂದಳು. ನನ್ನ ಭುಜ ಹಿಡಿದು ನಡೆದು, ಹೊಳೆಗೆ ಉಡಿ ತುಂಬಿದಳು. ಅಕ್ಕಿಯ ಒಂದು ಕಾಳನ್ನೂ ಅವಳು ಆಚೆ ಚೆಲ್ಲಲಿಲ್ಲ. ಕಾಯಿ ಒಡೆಯಬೇಕಾಗಿದ್ದ ನಾನು ಮೂರು ಸಲ ಕಲ್ಲು ತಪ್ಪಿಸಿದೆ. ಸಂಜೆ ಹಡಗಲಿಯಲ್ಲಿ ಡಾಕ್ಟರಮ್ಮ ನೋಡಿ, ಮಗು ಕ್ಷೇಮ ಎಂದರು.

ಮರುದಿನ ಗೋಣೆಪ್ಪ ಬಸ್ಸಿನಲ್ಲಿ, ಸಾಮಾನಿನ ಚೀಲ ಹೊತ್ತು, ಮಾಗಳಕ್ಕೆ ಬಂದ. ಬಂದವನೇ ಜೀಪಿನ ಕೆಳಗೆ ಹೋಗಿ ಸಿಲಿಂಡರ್ ಬಿಚ್ಚಿದ. ಹೊರಬಂದ ರಬ್ಬರು ನೆನೆದ ಕಡಲೆಯ ಹಾಗೆ ಉಬ್ಬಿ, ಅಂಚು ಮಗುಚಿಕೊಂಡಿತ್ತು. ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

“ಹಳೇದು ಕೊಡು ತಮ್ಮಾ.”

ಜೇಬಿನಿಂದ ತೆಗೆದು ಕೊಟ್ಟೆ. ಕಾಗದದ ಪೊಟ್ಟಣ. ಅದರ ಮೇಲೆ ಕರಿ ದಾರ. ದಾರದ ಮೇಲೆ ಶನಿವಾರ ಅವನೇ ಹಾಕಿದ ಗಂಟು, ಹಾಕಿದ್ದು ಹಾಕಿದ ಹಾಗೇ. ಅಳತೆ ನೋಡಿದ್ದೇನೆ ಎಂದವನು ಪೊಟ್ಟಣವನ್ನೇ ಬಿಚ್ಚಿರಲಿಲ್ಲ.

ಅವನು ಗಂಟು ನೋಡಿದ. ನನ್ನನ್ನು ನೋಡಿದ. ಅಪ್ಪ ಹತ್ತಿರ ಬರುತ್ತಿದ್ದುದನ್ನು ಕಂಡು, ಉಗುರಿನಿಂದ ಆ ಗಂಟನ್ನು ಮೆಲ್ಲಗೆ ಬಿಚ್ಚಿಬಿಟ್ಟ.

“ನಂದ ತಪ್ಪು ಸಾವ್ಕಾರ್ರ” ಎಂದ. “ರಬ್ಬರ್ ಕೆಟ್ಟದ್ದೈತಿ. ಕೂಡಿಸೂಕಿಂತ ಮೊದಲ ನಾನ ನೋಡಬೇಕಿತ್ತು.”

ಅಪ್ಪ ಕೂಗಾಡುವ ಮನುಷ್ಯನಲ್ಲ. “ನಿನ್ನ ಕೈಯಾಗ ನನ್ನ ಮಗಳನ್ನ ಕೊಟ್ಟಿದ್ದೆ ಗೋಣೆಪ್ಪ” ಎಂದಷ್ಟೇ ಅಂದ. ಅದಾದ ಮೇಲೆ ಆ ಬೇವಿನ ಮರದ ಕಡೆ ಜೀಪು ತಿರುಗಿಸಲಿಲ್ಲ. ರಿಪೇರಿಗೆ ಬೇರೆ ಊರಿಗೆ ಒಯ್ದ. ಅಂಗಡಿಗೆ ಬಂದವರು ಕೇಳಿದರೆ ಹೇಳಿದ. ಹಗರಿಬೊಮ್ಮನಹಳ್ಳಿಯಂಥ ಊರಿನಲ್ಲಿ ಇಂಥ ಮಾತಿಗೆ ಕಾಲು ಬೇಕಾಗಿಲ್ಲ. ಬಸುರಿ ಹೆಂಗಸು ಕೂತಿದ್ದ ಗಾಡಿಗೆ ಗೋಣೆಪ್ಪ ಕೆಟ್ಟ ಸಾಮಾನು ಹಾಕಿದನಂತೆ. ಮೂವತ್ತು ವರ್ಷ ಬೋರ್ಡಿಲ್ಲದೆ ನಡೆದ ಶೆಡ್ಡಿಗೆ ಇದ್ದದ್ದು ಅವನ ಹೆಸರೊಂದೇ. ಅದನ್ನು ನಾನು ಎರಡು ಮಾತಿನಲ್ಲಿ ಕಳೆದಿದ್ದೆ.

ನಾನು ದಿನಾ ಆ ದಾರಿಯಲ್ಲೇ ಹೋಗಬೇಕಿತ್ತು. ಬೇವಿನ ಕೆಳಗೆ ಗಾಡಿಗಳು ಕಡಿಮೆಯಾದವು. ಒಂದು ದಿನ ಬರೀ ಒಂದು ಟ್ರ್ಯಾಕ್ಟರ್ ಟ್ರೇಲರ್. ಇನ್ನೊಂದು ದಿನ ಅದೂ ಇಲ್ಲ. ಲೋಟ ಮಾತ್ರ ತೊಳೆದು ಬೋರಲು ಹಾಕಿರುತ್ತಿತ್ತು. ಅವನು ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದುದು ಒಂದೇ. “ಅಕ್ಕ ಹೆಂಗ ಅದಾಳ?” ಒಮ್ಮೆ ತಡೆಯಲಾರದೆ ಹತ್ತಿರ ಹೋಗಿ, “ಗೋಣೆಪ್ಪಣ್ಣ, ಆವತ್ತು ನಾನು...” ಎಂದು ತೊದಲಿದೆ.

“ನನಗ್ಯಾಕ ಹೇಳ್ತೀ?” ಎಂದ ಅವನು, ಸಿಟ್ಟಿಲ್ಲದೆ. “ನನಗ ಗೊತ್ತೈತಿ. ಗೊತ್ತಿಲ್ಲದವ್ರಿಗೆ ಹೇಳು. ಆದ್ರ ಈಗ ಬ್ಯಾಡ. ಬಸುರಿ ಮನ್ಯಾಗ ಅದಾಳ, ಅಪ್ಪ ಮಗ ಜಗಳಾಡಬ್ಯಾಡ್ರಿ. ಹಡೀಲಿ, ಆಮ್ಯಾಲೆ.”

ತಮ್ಮ ಹೆಸರು ದಿನದಿನಕ್ಕೆ ಸವೆಯುತ್ತಿರುವಾಗ ಹೀಗೆ ಹೇಳುವ ಎಷ್ಟು ಮಂದಿಯನ್ನು ನೀವು ಕಂಡಿದ್ದೀರಿ? ನಾನು ಒಬ್ಬನನ್ನು ಕಂಡಿದ್ದೇನೆ.

ಅಕ್ಕ ಹೆಣ್ಣು ಹೆತ್ತಳು. ಹೊಳೆಯ ಋಣವೆಂದು ಅವ್ವ ಗಂಗಾ ಎಂದು ಹೆಸರಿಟ್ಟಳು. ತೊಟ್ಟಿಲು ಹಾಕಿದ ದಿನ ಮನೆ ತುಂಬ ಜನ. ಯಾರೋ ನೆಂಟರು ಗುಗ್ಗರಿ ತಿನ್ನುತ್ತಾ, “ಆ ಮೇಸ್ತ್ರಿ ಕೈಯಾಗ ಸಿಕ್ಕು ಉಳಿದ ಕೂಸು” ಎಂದರು. ಕೈಯಲ್ಲಿದ್ದ ಕಡಲೆಯನ್ನು ತಟ್ಟೆಗೆ ವಾಪಸು ಹಾಕಿದೆ. ತೊಟ್ಟಿಲ ಹಗ್ಗ ಹಿಡಿದುಕೊಂಡೇ ಹೇಳಿದೆ. ಹರಪನಹಳ್ಳಿಯ ಅಂಗಡಿ, ಮಿಂಚುವ ಚೀಟಿ, ಕಿಟಕಿಯ ಬಾಟಲಿ, ಹಾಕಿದ್ದೆ ಎಂದ ಸುಳ್ಳು, ಬಿಚ್ಚದ ಗಂಟು. ಅಕ್ಕನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವಳು ಎದ್ದು ಬಂದು ಮಗುವನ್ನು ತೊಟ್ಟಿಲಿನಿಂದ ತೆಗೆದು, ನನ್ನ ಕೈಯಲ್ಲಿ ಇಟ್ಟು, “ಹಿಡ್ಕೊ. ಕೆಡವಬ್ಯಾಡ” ಎಂದಳು. ಅದಕ್ಕಿಂತ ದೊಡ್ಡ ಬೈಗುಳವನ್ನೂ, ದೊಡ್ಡ ಕ್ಷಮೆಯನ್ನೂ ನಾನು ಕೇಳಿಲ್ಲ.

ಅಪ್ಪ ಚಪ್ಪಲಿ ಮೆಟ್ಟಿದ. ಜೀಪು ಹೊರಟ ಸದ್ದಾಯಿತು. ನಾನು ಮಗುವನ್ನು ಅವ್ವನ ಕೈಗೆ ಕೊಟ್ಟು ಹಿಂದೆಯೇ ಓಡಿದೆ. ಬೇವಿನ ಕೆಳಗೆ ಜೀಪು ನಿಂತಿತ್ತು. ಅಪ್ಪ ಇಳಿದು, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, ಮರದ ಕಡೆ ನೋಡುತ್ತಾ ಹೇಳಿದ:

“ಗೋಣೆಪ್ಪ, ಬ್ರೇಕ್ ಯಾಕೋ ಸಡ್ಲ ಅನಸ್ತಾವ. ಬ್ಯಾರೆಯವ್ರ ಕೈಗೆ ಬಗ್ಗವಲ್ವು. ನೀ ಒಮ್ಮೆ ನೋಡು.”

ಬ್ರೇಕು ಚೆನ್ನಾಗಿದ್ದವು. ಹಿಂದಿನ ದಿನವೇ ನಾನು ಒತ್ತಿ ನೋಡಿದ್ದೆ. ಗೋಣೆಪ್ಪ ಜೀಪಿಗೆ ಹತ್ತಿದ. ಪೆಡಲ್ ಒತ್ತಿದ. ಇನ್ನೊಮ್ಮೆ ಒತ್ತಿದ. ಅವನಿಗೂ ಗೊತ್ತಾಯಿತು.

“ಹೌದ್ರಿ ಸಾವ್ಕಾರ್ರ” ಎಂದ. “ಸ್ವಲ್ಪ ಸಡ್ಲ ಅದಾವ. ಬಿಟ್ಟು ಹೋಗ್ರಿ, ನೋಡಿಡ್ತೀನಿ.”

“ಜೀಪು ಇರ್ಲಿ ಇಲ್ಲೇ. ನೀ ಬಾ. ತೊಟ್ಟಿಲದಾಗ ಕೂಸೈತಿ, ನೋಡಿ ಉಂಡು ಬರೂವಂತಿ.”

ಇಬ್ಬರೂ ನಡೆದೇ ಬಂದರು. ಅಂಗಡಿ ಸಾಲಿನ ನಡುವೆ, ಎಲ್ಲರೂ ನೋಡುವ ಹಾಗೆ. ಅಪ್ಪನಿಗೆ ಕ್ಷಮಿಸು ಎನ್ನಲು ಬರುತ್ತಿರಲಿಲ್ಲ. ಆ ನಡೆದದ್ದೇ ಅವನ ಮಾತು. ವಾರದೊಳಗೆ ಬೇವಿನ ಕೆಳಗೆ ಮತ್ತೆ ಗಾಡಿಗಳು ಬಂದವು.

ಹೋದ ವಾರದ ಅಂಗಡಿಗೆ ವಾಪಸು ಬರುತ್ತೇನೆ. ಮೂರು ಪೆಟ್ಟಿಗೆಗಳ ಮುಂದೆ ನಾನು ಜೇಬಿನಿಂದ ಪೊಟ್ಟಣ ತೆಗೆದು, ದಾರ ಬಿಚ್ಚಿ, ಹಳೆಯ ವಾಷರನ್ನು ಕಟ್ಟೆಯ ಮೇಲಿಟ್ಟೆ. “ನೆನೆ ಹಾಕಿ ನೋಡ್ತೀನ್ರಿ. ಉಬ್ಬಿದ್ರ ನಾಳೆ ವಾಪಸ್ ತರ್ತೀನಿ” ಎಂದೆ.

ಅಂಗಡಿಯವರು ನನ್ನನ್ನೊಮ್ಮೆ, ದಾರವನ್ನೊಮ್ಮೆ ನೋಡಿದರು. “ಓಹೋ, ಗೋಣೆಪ್ಪಜ್ಜನ ಕಡೆಯವ್ರಾ? ಮೊದ್ಲ ಹೇಳಬಾರದ?” ಎಂದು ಮೂರೂ ಪೆಟ್ಟಿಗೆಗಳನ್ನು ಒಳಗೆ ತಳ್ಳಿ, ಕೆಳಗಿನ ಖಾನೆಯಿಂದ ನಾಲ್ಕನೆಯದೊಂದನ್ನು ತೆಗೆದರು. ಮಾಸಿದ ಪೆಟ್ಟಿಗೆ. ಚೀಟಿ ಇರಲಿಲ್ಲ.

ಮನೆಗೆ ಬಂದು ಸ್ಟೀಲಿನ ಲೋಟದಲ್ಲಿ ನೆನೆ ಹಾಕಿದೆ. ರಜೆಗೆ ಬಂದಿದ್ದ ಗಂಗಿ ಮುಚ್ಚಳ ತೆಗೆದು, “ಮಾಮಾ, ಇದೇನು ಕರೀ ಕಡ್ಲಿ!” ಎಂದಳು. ಹನ್ನೆರಡು ತುಂಬುತ್ತಿದೆ, ಪ್ರಶ್ನೆಗಳಿಗೆ ಕೊನೆಯಿಲ್ಲ. ಎಲ್ಲವನ್ನೂ ಹೇಳಿದೆ. ಬಣವೆಯ ಕಥೆ ಅವಳು ಅಜ್ಜಿಯಿಂದ ನೂರು ಸಲ ಕೇಳಿದ್ದಳು. ಸುಳ್ಳಿನ ಭಾಗ ಮಾತ್ರ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ನಾನು ಏಳುವುದರೊಳಗೆ ಎದ್ದು, ಹಳೆಯದರ ಬಾಯಿಗೆ ಹೊಸದರ ಬಾಯಿ ಇಟ್ಟು, ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಶೆಡ್ಡನ್ನು ಈಗ ಗೋಣೆಪ್ಪನ ಮಗ ನಡೆಸುತ್ತಾನೆ. ಗೋಣೆಪ್ಪನ ಕಣ್ಣು ಮಂಜು. ಬೇವಿನ ಕೆಳಗೆ ಹೊರಸಿನ ಮೇಲೆ ಕೂತಿರುತ್ತಾನೆ. ಪಕ್ಕದಲ್ಲಿ, ದಿನಾ ಬೆಳಿಗ್ಗೆ, ನಮ್ಮಪ್ಪನೂ. ಇಬ್ಬರಿಗೂ ಒಂದೇ ಎಲೆ ಅಡಿಕೆಯ ಚೀಲ. ಗಂಗಿಯನ್ನೂ ಕರೆದುಕೊಂಡು ಹೋಗಿ ನಾನು ವಾಷರು ಕೊಟ್ಟೆ. ಗೋಣೆಪ್ಪ ಬೆರಳ ತುದಿಯಿಂದ ಅದರ ಅಂಚನ್ನು ಸುತ್ತ ಸವರಿದ.

“ನೆನೆ ಹಾಕಿದ್ಯಾ ತಮ್ಮಾ?”

“ಹಾಕಿದ್ದೆ.”

“ಈ ಸಲ ಖರೇನ?” ಎಂದ ಅಪ್ಪ, ಎಲೆ ಮಡಚುತ್ತಾ.

“ಖರೇ ಐತಿ ಅಜ್ಜಾ” ಎಂದಳು ಗಂಗಿ, ನನಗಿಂತ ಮೊದಲು. “ಅಳತಿ ನಾನ ನೋಡೀನಿ.”

ಗೋಣೆಪ್ಪ ಅವಳ ದನಿ ಬಂದ ಕಡೆ ತಿರುಗಿದ. ಆಮೇಲೆ ಮಗನನ್ನು ಕರೆದು, “ಕೂಡ್ಸು” ಎಂದ.

ಭಾನುವಾರ ಗಂಗಿಯನ್ನು ಮಾಗಳಕ್ಕೆ ಬಿಡಲು ಹೋದೆ. ಆ ಇಳಿಜಾರಿನಲ್ಲಿ ನಾನು ಈವರೆಗೆ ಗಾಡಿ ಇಳಿಸಿದವನಲ್ಲ. ಮೇಲೆಯೇ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಅಕ್ಕ ಹೊಳೆಯ ಹತ್ತಿರವಿದ್ದರೆ ನಡೆದೇ ಇಳಿಯುತ್ತಿದ್ದೆ. ಆವತ್ತೂ ಅಕ್ಕ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ತಿರುವಿನಲ್ಲಿ ಜೀಪು ನಿಲ್ಲಿಸಿದೆ.

“ಕೆಳಗ ಬಿಡು ಮಾಮಾ.”

“ನಡಕೊಂಡು ಹೋಗೂಣು.”

“ನಾನ ಅಳತಿ ನೋಡೀನಲ್ಲ” ಎಂದಳು. ಅವಳಿಗೆ ಸ್ವಲ್ಪ ಬೇಸರವಾದ ಹಾಗಿತ್ತು, ನಂಬಲಿಲ್ಲವಲ್ಲ ಎಂದು.

ಎರಡನೇ ಗೇರು ಹಾಕಿದೆ. ಜೀಪು ಇಳಿಯತೊಡಗಿತು. ಕೆಳಗೆ, ನೀರಿನ ಅಂಚಿನಲ್ಲಿ, ಹೆಂಗಸರ ನಡುವಿನಿಂದ ಒಬ್ಬಳು ಎದ್ದು ನಿಂತು ತಲೆಯ ಮೇಲೆತ್ತಿ ಕೈ ಬೀಸಿದಳು. ಅಕ್ಕ. ಗಂಗಿ ಕಿಟಕಿಯಿಂದ ಅರ್ಧ ಹೊರಬಿದ್ದು ಕೈ ಬೀಸಿದಳು. ಬಣವೆಯಿದ್ದ ಜಾಗದಲ್ಲಿ ಈಗ ಬರೀ ನೆಲ. ಅದರ ನೇರಕ್ಕೆ ಬಂದಾಗ ನನ್ನ ಬಲಗಾಲು ಪೆಡಲನ್ನು ಒತ್ತಿತು.

ಒಂದೇ ಸಲ. ಜೀಪು ನಿಂತಿತು.